ನೋವಿದೆಯಾ ಅಂತ ಮಾತ್ರ ಕೇಳಿದ್ರು

ಕಳೆದ ತಿಂಗಳು ನಮ್ಮ ಕಾಲೇಜಿನ ಹ್ಯಾಕಥಾನ್‌ನಲ್ಲಿ ಮೂರನೇ ವರ್ಷದ ಒಂದು ಟೀಮ್ ಆರೋಗ್ಯದ ಚಾಟ್‌ಬಾಟ್ ಮಾಡಿತ್ತು. ನಮಗೇನು ತೊಂದರೆ ಅಂತ ಟೈಪ್ ಮಾಡಿದ್ರೆ ಅದು ನಾಲ್ಕೈದು ಪ್ರಶ್ನೆ ಕೇಳಿ, ಈಗಲೇ ಆಸ್ಪತ್ರೆಗೆ ಓಡಬೇಕಾ, ನಾಳೆ ಹೋದ್ರೆ ಸಾಕಾ, ಮನೆಯಲ್ಲೇ ಇದ್ದು ನೋಡಬಹುದಾ ಅಂತ ಹೇಳುತ್ತೆ. ಆ ಸ್ಟಾಲ್‌ನಲ್ಲಿ ಚಾಕೊಲೇಟ್ ಕೊಡ್ತಿದ್ರು, ನಾನು ಹೋಗಿದ್ದು ಅದಕ್ಕೇ. ಚಾಕೊಲೇಟ್ ಬೇಕಾದ್ರೆ ಏನಾದ್ರೂ ಕಾಯಿಲೆ ಟೈಪ್ ಮಾಡು ಅಂದ್ರು. ನಾನು ನಮ್ಮಜ್ಜಿಯ ಕೇಸನ್ನೇ ಹಾಕಿದೆ. ವಯಸ್ಸು 67, ಎಡಗಣ್ಣಲ್ಲಿ ಮಿಂಚು ಮಿಂಚಿದ ಹಾಗೆ ಆಗುತ್ತೆ, ಕಪ್ಪು ಚುಕ್ಕೆಗಳು ಓಡಾಡ್ತಿವೆ.

ಬಾಟ್ ಕೇಳಿದ ಮೊದಲನೇ ಪ್ರಶ್ನೆ: ಒಂದರಿಂದ ಹತ್ತರೊಳಗೆ ನೋವು ಎಷ್ಟು? ಸೊನ್ನೆ ಅನ್ನೋ ಆಪ್ಷನ್ನೇ ಇರಲಿಲ್ಲ, ಒಂದು ಅಂತ ಹಾಕಿದೆ. ಕಣ್ಣು ಕೆಂಪಾಗಿದೆಯಾ? ಇಲ್ಲ. ನೀರು ಅಥವಾ ಕೀವು ಬರ್ತಿದೆಯಾ? ಇಲ್ಲ. ಏಟು ಬಿದ್ದಿದೆಯಾ? ಇಲ್ಲ. ಹಸಿರು ಡಬ್ಬಿಯಲ್ಲಿ ಉತ್ತರ ಬಂತು: ಗಾಬರಿ ಬೇಡ, ಕಣ್ಣಿಗೆ ವಿಶ್ರಾಂತಿ ಕೊಡಿ, ಮೂರು ದಿನ ನೋಡಿ.

ಹೆಚ್ಚುಕಮ್ಮಿ ಇದೇ ಉತ್ತರ ನಮ್ಮ ಮನೆಗೆ 2020ರ ಏಪ್ರಿಲ್‌ನಲ್ಲಿ ಫೋನಿನಲ್ಲಿ ಬಂದಿತ್ತು. ಅವತ್ತು ಉತ್ತರ ಕೊಟ್ಟಿದ್ದು ಮನುಷ್ಯರು, ಇವತ್ತು ಕೋಡ್. ಚಾಕೊಲೇಟ್ ತಿಂದು ಸುಮ್ಮನೆ ಬರಬಹುದಿತ್ತು. ಆದ್ರೆ ಆಗಲಿಲ್ಲ, ಅದಕ್ಕೇ ಇದನ್ನು ಬರೀತಿದ್ದೀನಿ. (ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಎಡಿಟರ್ ತಿದ್ದಿದ್ದಾರೆ, ತಿದ್ದದೇ ಉಳಿದಿದ್ರೆ ಅದು ಅವರ ತಪ್ಪು.)

ನಾನಾಗ ಎಂಟನೇ ಕ್ಲಾಸ್. ಪರೀಕ್ಷೆ ಬರೆಯದೇ ಪಾಸಾದ ಬ್ಯಾಚ್ ನಮ್ಮದು. ಸ್ಕೂಲ್ ಮುಚ್ಚಿದ್ರು ಅಂತ ಅಪ್ಪ ನನ್ನನ್ನ ತಿಪಟೂರು ಹತ್ತಿರದ ನಮ್ಮೂರಿಗೆ ಬಿಟ್ಟು, ಎರಡು ದಿನ ಇದ್ದು ಹೋಗೋಣ ಅಂತ ತಾವೂ ಉಳಿದ್ರು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಟೀವಿಯಲ್ಲಿ ಪ್ರಧಾನಿ ಬಂದು ಹೇಳಿದ ಮೇಲೆ ಎಲ್ಲರೂ ಅಲ್ಲೇ ಲಾಕ್. ನನಗಂತೂ ಖುಷಿ. ಹಗಲೆಲ್ಲ ಹಜಾರದಲ್ಲಿ ಕೂತು ಅಜ್ಜಿಯ ಜೊತೆ ಹುಣಸೆಹಣ್ಣಿನ ಬೀಜ ತೆಗೆಯೋದು, ಮಧ್ಯೆ ಮಧ್ಯೆ ಫೋನ್ ನೋಡೋದು.

ಹಾಗೆ ಕೂತಿದ್ದಾಗಲೇ ಅಜ್ಜಿ ಒಂದಿನ, "ಕಣ್ಣಂಚಲ್ಲಿ ಮಿಂಚು ಹೊಡೆದಂಗಾಯ್ತದೆ ಕಣೇ ಪುಟ್ಟಿ, ಮಳೆ ಏನಾದ್ರೂ ಬರ್ತದಾ ನೋಡು" ಅಂದ್ರು. ಹೊರಗೆ ಸುಡು ಬಿಸಿಲು. ನಾನು ನಕ್ಕೆ. ಮಾರನೇ ದಿನ ಕಣ್ಣ ಮುಂದೆ ಸೊಳ್ಳೆ ಹಾರಾಡ್ತಿದೆ ಅಂತ ಕೈ ಬೀಸ್ತಿದ್ರು. "ಅಜ್ಜಿ, ಸೊಳ್ಳೆ ಇಲ್ಲ, ನಿಂಗೆ ವಯಸ್ಸಾಯ್ತು" ಅಂದೆ. ನನ್ನ ಕೈಯಲ್ಲಿ ಫೋನಿತ್ತು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇತ್ತು. ಆ ಎರಡು ಮಾತನ್ನು ಸರ್ಚ್‌ನಲ್ಲಿ ಹಾಕಿದ್ರೆ ಅರ್ಧ ನಿಮಿಷದಲ್ಲಿ ಗೊತ್ತಾಗ್ತಿತ್ತು. ಆ ವಾರ ನಾನು ಆ ಫೋನಿನಲ್ಲಿ ಲೂಡೋ ಆಡಿದೆ.

ಐದಾರು ದಿನದ ಮೇಲೆ ಅಜ್ಜಿ ಅಪ್ಪನಿಗೆ ಹೇಳಿದ್ರು, ಎಡಗಣ್ಣಿಗೆ ಕೆಳಗಡೆಯಿಂದ ಯಾರೋ ಸೆರಗು ಎತ್ತಿ ಹಿಡಿದಂಗೆ ಕತ್ತಲೆ ಅಂತ. ಅಪ್ಪನಿಗೆ ಗಾಬರಿ ಆಯ್ತು. ಅಜ್ಜಿಗೆ ಎರಡು ವರ್ಷದ ಹಿಂದೆ ಪೊರೆ ಆಪರೇಷನ್ ಮಾಡಿದ್ದ ಆಸ್ಪತ್ರೆಗೆ ಫೋನ್ ಮಾಡಿದ್ರು. ಎಮರ್ಜೆನ್ಸಿ ಮಾತ್ರ ನೋಡ್ತೀವಿ ಅಂದ್ರು ಅತ್ತ ಕಡೆಯವರು. ಇದು ಎಮರ್ಜೆನ್ಸಿನಾ ಅಲ್ವಾ ಅಂತ ತಿಳ್ಕೊಳ್ಳೋಕೆ ಎರಡೇ ಪ್ರಶ್ನೆ ಕೇಳಿದ್ರು. ನೋವಿದೆಯಾ? ಕೆಂಪಾಗಿದೆಯಾ? ಎರಡಕ್ಕೂ ಅಪ್ಪ ಇಲ್ಲ ಅಂದ್ರು. ಹಾಗಿದ್ರೆ ಲಾಕ್‌ಡೌನ್ ಮುಗಿದ ಮೇಲೆ ಬನ್ನಿ, ಅಜ್ಜಿಗೆ ವಯಸ್ಸಾಗಿದೆ, ಹೊರಗೆ ಕರ್ಕೊಂಡು ಬಂದ್ರೆ ಅದೇ ರಿಸ್ಕು, ಅಂತ ತುಂಬಾ ಮರ್ಯಾದೆಯಿಂದಲೇ ಹೇಳಿದ್ರು. ಆ ಮರ್ಯಾದೆ ನೋಡಿ ಅಪ್ಪನಿಗೂ ಸಮಾಧಾನ ಆಯ್ತು, ನೋವಿಲ್ಲ ಅಂದ್ಮೇಲೆ ಅಂಥದ್ದೇನೂ ಇರಲ್ಲ ಅಂತ. ಮೇಲಾಗಿ ಚೆಕ್‌ಪೋಸ್ಟ್ ದಾಟೋಕೆ ಪಾಸ್ ಬೇಕು, ಪಾಸ್‌ಗೆ ಆಸ್ಪತ್ರೆಯ ಚೀಟಿ ಬೇಕು, ಚೀಟಿಗೆ ಆಸ್ಪತ್ರೆಗೆ ಹೋಗ್ಬೇಕು ಅಂತ ಊರಲ್ಲಿ ಎಲ್ಲರೂ ಹೇಳ್ತಿದ್ರು. ನಿಜವೋ ಸುಳ್ಳೋ, ಯಾರೂ ಪರೀಕ್ಷೆ ಮಾಡೋಕೆ ಹೋಗಲಿಲ್ಲ.

ಮೇ 19ಕ್ಕೆ ಕೆಎಸ್‌ಆರ್‌ಟಿಸಿ ಬಸ್ ಮತ್ತೆ ಶುರುವಾಯ್ತು. ಅದೇ ವಾರ ಅಜ್ಜಿಯನ್ನ ಬೆಂಗಳೂರಿಗೆ ಕರ್ಕೊಂಡು ಬಂದ್ರು. ಅಕ್ಷಿಪಟಲ, ಅಂದ್ರೆ ರೆಟಿನಾ, ಪೂರ್ತಿ ಕಳಚಿಕೊಂಡಿದೆ, ಬಹಳ ದಿನ ಆಗಿ ಸುಕ್ಕುಗಟ್ಟಿದೆ ಅಂದ್ರು ಡಾಕ್ಟರು. ಆಪರೇಷನ್ ಮಾಡಿ ಕಣ್ಣೊಳಗೆ ಸಿಲಿಕಾನ್ ಎಣ್ಣೆ ತುಂಬಿ ಕೂರಿಸಿದ್ರು. ಅಜ್ಜಿ ದಿನಗಟ್ಟಲೆ ತಲೆ ತಗ್ಗಿಸಿಕೊಂಡೇ ಕೂತಿದ್ರು, ಏನೋ ತಪ್ಪು ಮಾಡಿದವರ ಥರ. ರೆಟಿನಾ ಅಂಟಿಕೊಂಡಿತು, ನೋಟ ಬರಲಿಲ್ಲ. ಇವತ್ತಿಗೆ ಆ ಕಣ್ಣಲ್ಲಿ ಬೆಳಕು ಗೊತ್ತಾಗುತ್ತೆ, ಮುಖದ ಹತ್ತಿರ ಬೆರಳು ಹಿಡಿದ್ರೆ ಎಣಿಸ್ತಾರೆ. ಅಷ್ಟೇ.

ರೆಟಿನಾ ಕಳಚೋದು ಹೇಗೆ ಅಂತ ನಾನು ಆಮೇಲೆ ಓದಿಕೊಂಡೆ. ಕಣ್ಣುಗುಡ್ಡೆಯ ಒಳಗೆ ಲೋಳೆಯಂಥ ಪದಾರ್ಥ ಇರುತ್ತೆ. ವಯಸ್ಸಾದಂತೆ ಅದು ಕುಗ್ಗುತ್ತೆ, ಕುಗ್ಗುವಾಗ ರೆಟಿನಾವನ್ನು ಜಗ್ಗುತ್ತೆ. ಜಗ್ಗಿದಾಗಲೆಲ್ಲ ಮಿಂಚು. ಕೆಲವರಿಗೆ ಹಾಗೆ ಜಗ್ಗಿದ ಕಡೆ ಸಣ್ಣ ತೂತು ಬೀಳುತ್ತೆ, ತೂತಿನೊಳಗೆ ನೀರು ನುಗ್ಗಿ, ಮಳೆಗಾಲದಲ್ಲಿ ಗೋಡೆಯ ಸುಣ್ಣ ಉಬ್ಬಿ ಎದ್ದು ಬರ್ತದಲ್ಲ, ಹಾಗೆ ರೆಟಿನಾ ಎದ್ದು ಬರುತ್ತೆ. ತೂತು ಮಾತ್ರ ಇದ್ದಾಗ ಸಿಕ್ಕಿದ್ರೆ ಲೇಸರ್‌ನಲ್ಲಿ ಸುತ್ತ ಬೆಸುಗೆ ಹಾಕಿ ಮನೆಗೆ ಕಳಿಸ್ತಾರೆ. ಕಳಚೋಕೆ ಶುರುವಾಗಿದ್ರೂ ನಡುಭಾಗದ ಮ್ಯಾಕುಲಾ ಅಂಟಿಕೊಂಡಿರುವಾಗಲೇ ಆಪರೇಷನ್ ಆದ್ರೆ ನೋಟ ಉಳಿಯೋ ಅವಕಾಶ ಚೆನ್ನಾಗಿರುತ್ತೆ. ಮ್ಯಾಕುಲಾನೂ ಎದ್ದ ಮೇಲೆ ಒಂದೊಂದು ದಿನಕ್ಕೂ ಲೆಕ್ಕ ಇದೆ. ಅಜ್ಜಿಗೆ ಮೊದಲ ಐದಾರು ದಿನ ಸಿಕ್ಕಿತ್ತು. ಆ ಐದಾರು ದಿನ ನನ್ನ ಲೂಡೋ ದಿನಗಳು.

ಮುಖ್ಯವಾದ ವಿಷಯ ಇನ್ನೊಂದಿದೆ. ರೆಟಿನಾಕ್ಕೆ ನೋವು ತಿಳಿಯುವ ನರಗಳೇ ಇಲ್ಲ. ನೋವಿನ ನರಗಳು ಕಿಕ್ಕಿರಿದಿರೋದು ಕಣ್ಣಿನ ಮುಂದಿನ ಗಾಜಿನಂಥ ಪದರದಲ್ಲಿ, ಕಾರ್ನಿಯಾದಲ್ಲಿ. ಅದಕ್ಕೇ ಬೈಕಲ್ಲಿ ಹೋಗುವಾಗ ಒಂದು ಹುಳ ಬಿದ್ದರೂ ಪ್ರಾಣ ಹೋದಂಗಾಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅಲಾರಂ ಇಟ್ಟಿರೋದು ಕ್ಯಾಮೆರಾದ ಲೆನ್ಸ್ ಮೇಲೆ, ಒಳಗಿನ ಸೆನ್ಸರ್‌ಗೆ ಅಲಾರಂ ಇಲ್ಲ. ಸೆನ್ಸರ್ ಸುಟ್ಟು ಹೋಗ್ತಿರುವಾಗ "ಅಲಾರಂ ಹೊಡೀತಾ?" ಅಂತ ಕೇಳಿದ್ರೆ ಬರೋ ಉತ್ತರ ಇಲ್ಲ ಅಂತಲೇ.

ಇದು ನಮ್ಮಜ್ಜಿಯ ಹಣೆಬರಹ ಅಂತ ಬಹಳ ದಿನ ಅಂದ್ಕೊಂಡಿದ್ದೆ. ಅಲ್ಲ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಪ್ರಪಂಚದ ಎಷ್ಟೋ ಊರುಗಳಲ್ಲಿ ಕಣ್ಣಿನ ಎಮರ್ಜೆನ್ಸಿ ಕೋಣೆಗಳು ಖಾಲಿ ಹೊಡೀತಿದ್ವು. ಲಂಡನ್ನಿನ ಮೂರ್‌ಫೀಲ್ಡ್ಸ್ ಅನ್ನೋದು 1805ರಿಂದ ಇರೋ ಕಣ್ಣಾಸ್ಪತ್ರೆ. ಅಲ್ಲಿನ ತುರ್ತು ವಿಭಾಗಕ್ಕೆ ಬರೋರ ಸಂಖ್ಯೆ ಲಾಕ್‌ಡೌನ್ ಆದ ಮೇಲೆ ಅರ್ಧಕ್ಕೂ ಕೆಳಗೆ ಇಳೀತು. ರೆಟಿನಾ ಕಳಚಿ ಆಪರೇಷನ್‌ಗೆ ಬರೋರೂ ತುಂಬಾ ಕಮ್ಮಿಯಾದ್ರು.

ಈ ಇಳಿಕೆಯಲ್ಲಿ ಎರಡು ಥರ ಇದೆ, ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದ್ರೆ ಒಂದೇ ಥರ ಕಾಣುತ್ತೆ. ಮೊದಲನೇದು ನಿಜವಾದ ಇಳಿಕೆ. ಪೀಣ್ಯದಂಥ ಕಡೆ ಮಾಮೂಲಿ ದಿನದಲ್ಲಿ ಗ್ರೈಂಡಿಂಗ್ ಮಾಡುವಾಗ ಕಣ್ಣಿಗೆ ಕಬ್ಬಿಣದ ಚೂರು ಸಿಡಿಸಿಕೊಂಡು ಬರೋರು, ವೆಲ್ಡಿಂಗ್ ಬೆಳಕು ಬಡಿದು ರಾತ್ರಿಯಿಡೀ ಕಣ್ಣು ಬಿಡೋಕಾಗದೆ ಬರೋರು ಇರ್ತಾರೆ. ಫ್ಯಾಕ್ಟರಿ ಮುಚ್ಚಿದ ಮೇಲೆ ಚೂರು ಎಲ್ಲಿಂದ ಸಿಡಿಯಬೇಕು? ರಸ್ತೆ ಅಪಘಾತ ಕಮ್ಮಿ, ಸ್ಕೂಲ್ ಇಲ್ಲದ್ದಕ್ಕೆ ಕೆಂಗಣ್ಣು ಹರಡೋದೂ ಕಮ್ಮಿ. ಇದು ಒಳ್ಳೇ ಸುದ್ದಿನೇ. ಎರಡನೇದು ಬೇರೆ. ಕಣ್ಣೊಳಗಿನ ಲೋಳೆಗೆ ಲಾಕ್‌ಡೌನ್ ಗೊತ್ತಿಲ್ಲ. ಅದು ಕುಗ್ಗೋ ಹೊತ್ತಿಗೆ ಕುಗ್ಗುತ್ತೆ, ಜಗ್ಗೋ ಹೊತ್ತಿಗೆ ಜಗ್ಗುತ್ತೆ. ಮಾರ್ಚ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಜನರ ರೆಟಿನಾ ಗಟ್ಟಿಯಾಯ್ತು ಅಂತ ನಂಬೋಕೆ ಯಾವ ಕಾರಣವೂ ಇಲ್ಲ. ಕಾಯಿಲೆ ಅಷ್ಟೇ ಇತ್ತು, ಜನ ಬರಲಿಲ್ಲ. ಫಿಲಡೆಲ್ಫಿಯಾದ ರೆಟಿನಾ ಡಾಕ್ಟರುಗಳು 2020ರಲ್ಲಿ ಬಂದವರನ್ನು ಹಿಂದಿನ ವರ್ಷ ಅದೇ ದಿನಗಳಲ್ಲಿ ಬಂದವರ ಜೊತೆ ಹೋಲಿಸಿ ನೋಡಿದ್ರು. ಬಂದವರು ತಡವಾಗಿ ಬಂದಿದ್ರು, ಮ್ಯಾಕುಲಾ ಇನ್ನೂ ಅಂಟಿಕೊಂಡಿದ್ದವರ ಪಾಲು ಇಳಿದಿತ್ತು, ಹಳೆಯದಾಗಿ ಸುಕ್ಕುಗಟ್ಟಿದ್ದ ಕೇಸುಗಳು ಜಾಸ್ತಿ ಇದ್ವು. ಓದುವಾಗ ಅಮೆರಿಕದಲ್ಲೂ ಒಂದಷ್ಟು ಜನ ಅಜ್ಜಿಯರು ಹಜಾರದಲ್ಲಿ ಕೂತು ಕೈ ಬೀಸ್ತಿದ್ರು ಅನ್ನಿಸ್ತು.

ಮೂರನೇ ಸೆಮ್‌ನ ಮೆಷರ್‌ಮೆಂಟ್ ಲ್ಯಾಬ್‌ನಲ್ಲಿ ನಮ್ಮ ಮೇಡಂ ಒಂದು ಮಾತು ಹೇಳ್ತಾರೆ, ಮೀಟರ್ ಸೊನ್ನೆ ತೋರಿಸಿದ್ರೆ ಕರೆಂಟ್ ಇಲ್ಲ ಅಂತ ಬರೀಬೇಡಿ, ಮೊದಲು ವೈರ್ ಸಿಕ್ಕಿಸಿದ್ದೀರಾ ನೋಡಿ ಅಂತ. ಎಮರ್ಜೆನ್ಸಿಗೆ ಬಂದವರ ಲೆಕ್ಕ ಕಾಯಿಲೆಯ ಲೆಕ್ಕ ಅಲ್ಲ, ಬಾಗಿಲು ದಾಟಿದವರ ಲೆಕ್ಕ. ಬಾಗಿಲೇ ಮುಚ್ಚಿದಾಗ ಆ ಮೀಟರ್ ಓದಿ ಯಾರಾದ್ರೂ "ಪರವಾಗಿಲ್ಲ, ಕೇಸ್ ಕಮ್ಮಿಯಾಗಿದೆ" ಅಂದ್ರೆ ಲ್ಯಾಬ್‌ನಲ್ಲಿ ನಮಗೆ ಬೀಳೋ ಬೈಗುಳ ಅವರಿಗೂ ಬೀಳಬೇಕು.

ಡಾಕ್ಟರುಗಳನ್ನ ಬೈಯೋಕೆ ಇದನ್ನೆಲ್ಲ ಹೇಳ್ತಿಲ್ಲ. ಕಣ್ಣು ಪರೀಕ್ಷೆ ಮಾಡಿಸಿಕೊಂಡವರಿಗೆ ಗೊತ್ತು, ಸ್ಲಿಟ್ ಲ್ಯಾಂಪ್ ಮೇಲೆ ಗದ್ದ ಇಟ್ರೆ ಡಾಕ್ಟರ ಮುಖ ನಮ್ಮ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತೆ. ಆರಡಿ ದೂರ ನಿಂತು ನೋಡೋ ಕೆಲಸವಲ್ಲ ಅದು. ವುಹಾನ್‌ನಲ್ಲಿ 2019ರ ಡಿಸೆಂಬರ್ 30ರಂದು ಸಹೋದ್ಯೋಗಿಗಳಿಗೆ ಹೊಸ ಕಾಯಿಲೆ ಬಗ್ಗೆ ಎಚ್ಚರಿಕೆಯ ಮೆಸೇಜ್ ಕಳಿಸಿ, ಅದಕ್ಕೆ ಪೊಲೀಸರಿಂದ ಬೈಸಿಕೊಂಡ ಲಿ ವೆನ್‌ಲಿಯಾಂಗ್ ಕಣ್ಣಿನ ಡಾಕ್ಟರೇ. ಅವರಿಗೆ ಸೋಂಕು ತಗುಲಿದ್ದು ಗ್ಲಾಕೋಮಾ ರೋಗಿಯೊಬ್ಬರಿಂದ ಅಂತ ಹೇಳ್ತಾರೆ. 2020ರ ಫೆಬ್ರವರಿ 7ರಂದು ತೀರಿಕೊಂಡ್ರು. ಮಾರ್ಚ್ 18ಕ್ಕೆ ಅಮೆರಿಕದ ಕಣ್ಣಿನ ಡಾಕ್ಟರುಗಳ ಅಕಾಡೆಮಿ, ತುರ್ತಾದದ್ದು ಬಿಟ್ಟು ಬೇರೆ ಯಾವುದನ್ನೂ ನೋಡಬೇಡಿ ಅಂತ ಹೇಳಿತು. ಆಸ್ಪತ್ರೆಗಳು ಸ್ಲಿಟ್ ಲ್ಯಾಂಪ್‌ಗೆ ಅಡ್ಡ ಪ್ಲಾಸ್ಟಿಕ್ ಹಾಳೆ, ಹಳೇ ಎಕ್ಸ್‌ರೇ ಫಿಲ್ಮ್ ಕಟ್ಟಿಕೊಂಡು ಕೆಲಸ ಮಾಡಿದ್ವು. ಬಾಗಿಲು ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. ಬಾಗಿಲಲ್ಲಿ ಕೂತು ಕೇಳಿದ ಪ್ರಶ್ನೆ ತಪ್ಪು ಅಂತಿದ್ದೀನಿ.

ಬಾಗಿಲು ಮುಚ್ಚಿದ್ರೂ ಹೊಸ ಥರದ ಕೇಸುಗಳು ಬಂದ್ವು, ಅದರಲ್ಲಿ ನಮ್ಮ ಪಾಲೂ ಇದೆ. ನಮ್ಮ ಬ್ಲಾಕಿನ ಬಾಗಿಲಲ್ಲಿ ಕಾಲಿಂದ ಒತ್ತೋ ಸ್ಯಾನಿಟೈಸರ್ ಸ್ಟ್ಯಾಂಡ್ ಒಂದು ಇನ್ನೂ ನಿಂತಿದೆ, ನೋಡಿರ್ತೀರ. ಈಗ ಅದರ ಮೇಲೆ ಯಾರೋ ಹೆಲ್ಮೆಟ್ ಇಡ್ತಾರೆ. ಮೆಕ್ಯಾನಿಕಲ್ ಸೀನಿಯರ್ಸ್ ಮಾಡಿದ್ದಂತೆ. ಆಗ ದೇಶದ ಎಷ್ಟೋ ಕಾಲೇಜುಗಳಲ್ಲಿ ಇಂಥವು ಹುಟ್ಟಿದ್ವು, ಪೇಪರಲ್ಲಿ ಫೋಟೋನೂ ಬಂತು. ಕೈ ತಾಗದ ಹಾಗೆ ಮಾಡಿದ್ದು ನಿಜವಾಗ್ಲೂ ಒಳ್ಳೇ ಐಡಿಯಾ. ಮೊನ್ನೆ ನಾನು ಟೇಪ್ ತಗೊಂಡು ಹೋಗಿ ಅದರ ನಾಝಲ್ ಎತ್ತರ ಅಳೆದೆ. ನೆಲದಿಂದ ಸರಿಯಾಗಿ ಒಂದು ಮೀಟರ್. ದೊಡ್ಡವರ ಸೊಂಟಕ್ಕೆ ಸರಿ. ಐದು ವರ್ಷದ ಮಗುವಿಗೆ ಹೆಚ್ಚುಕಮ್ಮಿ ಕಣ್ಣಿನ ಮಟ್ಟ.

ಫ್ರಾನ್ಸಿನ ವಿಷ ನಿಯಂತ್ರಣ ಕೇಂದ್ರಗಳು ಲೆಕ್ಕ ಹಾಕಿದ್ವು, 2020ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಕ್ಕಳ ಕಣ್ಣಿಗೆ ಸ್ಯಾನಿಟೈಸರ್ ಸಿಡಿದ ಕೇಸುಗಳು ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ 7 ಪಟ್ಟು. ಅಂಗಡಿ, ಮಾಲ್‌ಗಳಲ್ಲಿ ಇಟ್ಟಿದ್ದ ಡಿಸ್ಪೆನ್ಸರ್‌ಗಳು ಮಕ್ಕಳ ಮುಖದ ಎತ್ತರಕ್ಕಿದ್ದದ್ದೂ ಒಂದು ಕಾರಣ. ಕೆಲವು ಮಕ್ಕಳ ಕಾರ್ನಿಯಾ ಸುಟ್ಟು ಆಪರೇಷನ್ ಬೇಕಾಯ್ತು. ನಮ್ಮ ದೇಶದಿಂದಲೂ ಇಂಥ ಮಕ್ಕಳ ಕೇಸುಗಳು ವರದಿಯಾಗಿವೆ. ಡಿಸೈನ್ ಮಾಡುವಾಗ ಬಳಸೋನ ಎತ್ತರ 165 ಸೆಂಟಿಮೀಟರ್ ಅಂತ ಒಂದೇ ಅಂಕಿ ಇಟ್ಕೊಂಡ್ರೆ ಹೀಗಾಗುತ್ತೆ. ಇನ್ನು ಯುವಿ ಬಲ್ಬ್. ಮನೆಯ ತರಕಾರಿ, ಫೋನು, ದುಡ್ಡು ಎಲ್ಲ ಶುದ್ಧ ಮಾಡೋಕೆ ಅಂತ ಯುವಿ ಡಬ್ಬಿ ಮಾಡದ ಎಲೆಕ್ಟ್ರಾನಿಕ್ಸ್ ಡಿಪಾರ್ಟ್‌ಮೆಂಟ್ ಆಗ ಇತ್ತಾ ಅಂತ ನನಗೆ ಡೌಟು. ಮಿಯಾಮಿಯ ಬ್ಯಾಸ್ಕಮ್ ಪಾಮರ್ ಕಣ್ಣಾಸ್ಪತ್ರೆಯವರು 2020ರಲ್ಲಿ ಇಂಥ ದೀಪದಿಂದ ಕಾರ್ನಿಯಾ ಸುಟ್ಟುಕೊಂಡು ಬಂದ 7 ಜನರ ಬಗ್ಗೆ ಬರೆದ್ರು. ವರ್ಕ್‌ಶಾಪ್‌ನಲ್ಲಿ ಶೀಲ್ಡ್ ಇಲ್ಲದೆ ಆರ್ಕ್ ನೋಡಿದ್ರೆ ಆಗೋದೂ ಇದೇ. ನೋಡಿದಾಗ ಏನೂ ಗೊತ್ತಾಗಲ್ಲ, ಕೆಲವು ಗಂಟೆ ಬಿಟ್ಟು ಕಣ್ಣಿಗೆ ಮರಳು ಹಾಕಿ ಉಜ್ಜಿದಂಗಾಗುತ್ತೆ.

ವಿಚಿತ್ರ ನೋಡಿ. ಸ್ಯಾನಿಟೈಸರ್ ಬಿದ್ದ ಮಗು ಕಿರುಚುತ್ತೆ, ಅಪ್ಪ ಅಮ್ಮ ಎತ್ತಿಕೊಂಡು ಓಡ್ತಾರೆ, ಯಾವ ಚೆಕ್‌ಪೋಸ್ಟೂ ತಡೆಯಲ್ಲ. ಯುವಿ ತಾಗಿದವನು ಒದ್ದಾಡ್ತಾನೆ, ಡಾಕ್ಟರು ನೋಡ್ತಾರೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತೆ. ಮಿಂಚು ನೋಡಿದ ಅಜ್ಜಿ ಹುಣಸೆ ಬೀಜ ತೆಗೀತಾ ಕೂತಿರ್ತಾರೆ. ದೀಪಾವಳಿ ಬಂದ್ರೆ ಮಿಂಟೋ ಆಸ್ಪತ್ರೆ, ನಾರಾಯಣ ನೇತ್ರಾಲಯದಲ್ಲಿ ಪಟಾಕಿಯಿಂದ ಕಣ್ಣಿಗೆ ಗಾಯವಾದವರು ಎಷ್ಟು ಜನ ಅಂತ ಪತ್ರಿಕೆಗಳು ಪ್ರತಿ ವರ್ಷ ಎಣಿಸಿ ಬರೀತಾವೆ, ಬರೀಲೇಬೇಕು. ಸದ್ದಿಲ್ಲದೆ ಹೋದ ಕಣ್ಣುಗಳನ್ನು ಯಾವ ಹಬ್ಬದ ಮಾರನೇ ದಿನ ಎಣಿಸ್ತಾರೆ?

ಈ ವಾದವನ್ನು ನನ್ನ ರೂಮ್‌ಮೇಟ್ ಹತ್ರ ಮಾಡಿದಾಗ ಅವಳು ಕೇಳಿದ್ದು ಸರಿಯಾದ ಪ್ರಶ್ನೆನೇ. "ಜನ ಉಸಿರಾಡೋಕಾಗದೆ ಸಾಯ್ತಿದ್ದಾಗ ಕಣ್ಣಿನ ಬಗ್ಗೆ ಯಾರಿಗೆ ಪುರುಸೊತ್ತಿತ್ತೇ? ನಿಮ್ಮಜ್ಜಿ ಬದುಕಿದ್ದಾರಲ್ಲ." ಅವಳ ಮನೆಯಲ್ಲಿ ಎರಡನೇ ಅಲೆಯಲ್ಲಿ ಮಾವ ಹೋದ್ರು. ಅವಳಿಗೆ ತಿರುಗಿ ಹೇಳೋದು ಕಷ್ಟ. ಆದ್ರೂ ಹೇಳಿದೆ, ನಾನು ಪುರುಸೊತ್ತು ಕೇಳ್ತಿಲ್ಲ. ಆ ಫೋನ್ ಎತ್ತಿದವರಿಗೆ ಎರಡು ಪ್ರಶ್ನೆ ಕೇಳೋಕೆ ಟೈಮ್ ಇತ್ತು. ಆ ಎರಡರ ಬದಲು ಬೇರೆ ಎರಡು ಕೇಳಿದ್ರೆ ಒಂದು ಸೆಕೆಂಡೂ ಜಾಸ್ತಿ ಆಗ್ತಿರಲಿಲ್ಲ. ನೋಟ ಇದ್ದಕ್ಕಿದ್ದಂತೆ ಬದಲಾಗಿದೆಯಾ? ಮಿಂಚು, ಚುಕ್ಕೆ, ಪರದೆ, ಏನಾದ್ರೂ ಹೊಸದಾಗಿ ಕಾಣ್ತಿದೆಯಾ? ಮತ್ತೆ ಲಾಕ್‌ಡೌನ್‌ನ ಮೊದಲ ವಾರಗಳಲ್ಲಿ ನಮ್ಮ ಕಡೆ ಆಸ್ಪತ್ರೆಗಳು ತುಂಬಿ ತುಳುಕ್ತಿರಲಿಲ್ಲ, ಅದು ಆಗಿದ್ದು ಆಮೇಲೆ. ನಮ್ಮನ್ನು ಮನೆಯಲ್ಲಿ ಕೂರಿಸಿದ್ದು ಭಯ.

ಜನಕ್ಕೆ ಹೇಳಿದ್ರೆ ಅರ್ಥ ಆಗಲ್ಲ, ಇಂಥ ಲಕ್ಷಣಗಳನ್ನೆಲ್ಲ ನೆನಪಿಟ್ಟುಕೊಳ್ಳೋರು ಯಾರು, ಅಂತ ಇನ್ನೊಬ್ಬರು ಹೇಳಿದ್ರು. ಇದನ್ನು ಮಾತ್ರ ನಾನು ಒಪ್ಪಲ್ಲ. 2021ರ ಮೇ ತಿಂಗಳು ನೆನಪಿದೆಯಾ? ಬ್ಲ್ಯಾಕ್ ಫಂಗಸ್. ಕೋವಿಡ್‌ನಿಂದ ಎದ್ದವರಲ್ಲಿ, ಅದರಲ್ಲೂ ಶುಗರ್ ಹತೋಟಿಯಲ್ಲಿಲ್ಲದೆ ಸ್ಟೀರಾಯ್ಡ್ ತಗೊಂಡವರಲ್ಲಿ, ಮೂಗಿನಿಂದ ಶುರುವಾಗಿ ಕಣ್ಣಿನ ಗೂಡಿಗೆ, ಅಲ್ಲಿಂದ ಮೆದುಳಿಗೆ ಹೋಗೋ ಬೂಷ್ಟು. ಜೀವ ಉಳಿಸೋಕೆ ಎಷ್ಟೋ ಜನರ ಕಣ್ಣನ್ನೇ ತೆಗೆಯಬೇಕಾಯ್ತು. ಆ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಕೇಸು. ಆಂಫೋಟೆರಿಸಿನ್ ಬಿ ಇಂಜೆಕ್ಷನ್‌ಗೆ ಜನ ಊರೂರು ಅಲೆದ್ರು. ಒಂದು ವರ್ಷದ ಹಿಂದೆ ಖಾಲಿ ಇದ್ದ ಕಣ್ಣಿನ ಎಮರ್ಜೆನ್ಸಿಗೆ ಈಗ ಮುಖ ಊದಿದವರು, ಕಣ್ಣು ಮುಂದೆ ಬಂದವರು.

ಆಗ ನಮ್ಮೂರಲ್ಲಿ ಏನಾಯ್ತು ಅಂದ್ರೆ, ಒಂದೇ ವಾರದಲ್ಲಿ ಎಲ್ಲರಿಗೂ ಲಕ್ಷಣ ಬಾಯಿಪಾಠ. ಮೂಗಲ್ಲಿ ಕಪ್ಪು, ಮುಖದ ಒಂದು ಕಡೆ ಊತ, ಒಂದು ವಸ್ತು ಎರಡಾಗಿ ಕಾಣೋದು, ಹಲ್ಲು ಅಲ್ಲಾಡೋದು. ಹಾಲಿನ ಡೈರಿ ಹತ್ತಿರ ಇದೇ ಮಾತು. ಆಶಾ ಕಾರ್ಯಕರ್ತೆ ಕೋವಿಡ್ ಆದ ಮನೆಗಳಿಗೆ ಬಂದು ಕೇಳ್ತಿದ್ರು. ಟೀವಿಯವರು ಹೆದರಿಸಿದ್ದು ಜಾಸ್ತಿ, ಬಣ್ಣಬಣ್ಣದ ಫಂಗಸ್‌ಗಳೆಲ್ಲ ಬಂದ್ವು, ಅದು ಬೇರೆ ಕಥೆ. ಆದ್ರೆ ಇದರಿಂದ ಒಂದಂತೂ ಗೊತ್ತಾಯ್ತು. ಇಂಥ ಲಕ್ಷಣ ಕಂಡ್ರೆ ಕಾಯಬೇಡ, ಓಡು, ಅಂತ ಹೇಳೋಕೆ ನಮಗೆ ಬರುತ್ತೆ, ಹೇಳಿದ್ರೆ ಜನಕ್ಕೆ ಅರ್ಥ ಆಗುತ್ತೆ. 2020ರಲ್ಲಿ ಯಾರಿಗೇ ಫೋನ್ ಮಾಡಿದ್ರೂ ಮೊದಲು ಕೆಮ್ಮು, ಆಮೇಲೆ ಮೂವತ್ತು ಸೆಕೆಂಡ್ ಉಪದೇಶ ಕೇಳಬೇಕಿತ್ತಲ್ಲ, ಆ ಕಾಲರ್ ಟ್ಯೂನ್‌ನಲ್ಲಿ ಒಂದೇ ಒಂದು ವಾಕ್ಯ ಸೇರಿಸಬಹುದಿತ್ತು: ಎದೆನೋವು, ಕೈಕಾಲು ಸೋಲೋದು, ನೋಟ ಹೋಗೋದು, ಇವಕ್ಕೆ ಮನೆಯಲ್ಲಿ ಕೂರಬೇಡಿ. ಮನೆಯಲ್ಲೇ ಇರಿ ಅಂತ ಹೇಳುವವರು ಯಾವಾಗ ಇರಬಾರದು ಅಂತಲೂ ಅದೇ ಉಸಿರಿನಲ್ಲಿ ಹೇಳಬೇಕು. ಅರ್ಧ ಸೂಚನೆ ಕೊಟ್ಟು ಬಿಡೋದು ಸೇಫ್ಟಿ ಅಲ್ಲ.

ಫೋನಿನಲ್ಲಿ ಡಾಕ್ಟರು ಕೇಳೋದು ಈಗ ಮಾಮೂಲಿ ಆಗಿದೆ. ಟೆಲಿಮೆಡಿಸಿನ್‌ಗೆ ಕೇಂದ್ರ ಸರ್ಕಾರ ಮಾರ್ಗಸೂಚಿ ಕೊಟ್ಟಿದ್ದೇ 2020ರ ಮಾರ್ಚ್ 25ಕ್ಕೆ, ಏಪ್ರಿಲ್‌ನಲ್ಲಿ ಇ-ಸಂಜೀವಿನಿ ಒಪಿಡಿ ಬಂತು. ಮೂರ್‌ಫೀಲ್ಡ್ಸ್‌ನವರು ತುರ್ತು ಕೇಸುಗಳನ್ನೇ ವಿಡಿಯೋದಲ್ಲಿ ಮೊದಲು ನೋಡೋಕೆ ಶುರು ಮಾಡಿದ್ರು. ಇದು ಇನ್ನೂ ಬೆಳೆಯುತ್ತೆ, ನಮ್ಮಲ್ಲೇ ಯಾರೋ ಅದರ ಕೋಡ್ ಬರೀತಾರೆ. ಹಾಗಾಗಿ ನಮಗೆ ಗೊತ್ತಿರಬೇಕು, ಕ್ಯಾಮೆರಾದಲ್ಲಿ ಕಣ್ಣಿನ ಕೆಂಪು ಕಾಣುತ್ತೆ, ರೆಟಿನಾ ಕಾಣಲ್ಲ. ವಿಡಿಯೋದಲ್ಲಿ ಅಜ್ಜಿಯ ಎಡಗಣ್ಣು ಬಲಗಣ್ಣಿನಷ್ಟೇ ಸ್ವಚ್ಛ. ಅಲ್ಲಿ ಉಳಿಯೋದು ಪ್ರಶ್ನೆ ಒಂದೇ.

ಇದು ಅಜ್ಜಿಯರ ಕಾಯಿಲೆ, ನಮಗ್ಯಾಕೆ ಅಂದ್ಕೊಂಡಿದ್ರೆ ಕ್ಲಾಸಿನಲ್ಲಿ ಒಂದ್ಸಲ ತಿರುಗಿ ನೋಡಿ. ಅರ್ಧ ಜನ ಕನ್ನಡಕ. ದೂರದ್ದು ಕಾಣದ ಕಣ್ಣು, ಅಂದ್ರೆ ಮೈನಸ್ ಪವರ್ ಜಾಸ್ತಿಯಿದ್ದಷ್ಟೂ ರೆಟಿನಾ ತೆಳು, ಕಳಚೋ ಅಪಾಯ ಜಾಸ್ತಿ, ಅದೂ ಚಿಕ್ಕ ವಯಸ್ಸಿಗೇ. ನನ್ನದು ಮೈನಸ್ ಐದೂವರೆ. ನಮ್ಮ ಹೆಲ್ತ್ ಸೆಂಟರ್‌ನಲ್ಲಿ ಕಣ್ಣು ಕೆಂಪಾಗಿದೆ ಅಂದ್ರೆ ಮಾತಿಲ್ಲದೆ ಮೂರು ದಿನ ರಜೆ ಬರೆದು ಕೊಡ್ತಾರೆ. 2023ರ ಮಳೆಗಾಲದಲ್ಲಿ ರಾಜ್ಯಕ್ಕೆಲ್ಲ ಕೆಂಗಣ್ಣು ಬಂದಾಗ ಶುರುವಾದ ಅಭ್ಯಾಸವಂತೆ. ಕಳೆದ ಸೆಮ್‌ನಲ್ಲಿ ನನಗೆ ಹೊಸದಾಗಿ ಚುಕ್ಕೆಗಳು ಕಾಣ್ತಿವೆ ಅಂತ ಹೋದಾಗ "ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಮ್ಮ?" ಅಂತ ಕೇಳಿದ್ರು. ಅಲ್ಲಿಂದ ನೇರ ಆಟೋ ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋದೆ. ಪಾಪೆ ದೊಡ್ಡದಾಗೋ ಡ್ರಾಪ್ಸ್ ಹಾಕಿ ನೋಡಿದ್ರು. ಏನೂ ಇರಲಿಲ್ಲ. ಮೂರು ಗಂಟೆ ಮಂಜು ಮಂಜಾಗಿ ಓಡಾಡಿದೆ, ಒಂದು ಇಂಟರ್ನಲ್ ಹಾಳಾಯ್ತು, ಬೇಜಾರಾಗಲಿಲ್ಲ.

ಆ ಹೆಲ್ತ್ ಸೆಂಟರ್ ಗೋಡೆಯಲ್ಲಿ ಡೆಂಗ್ಯೂ ಪೋಸ್ಟರ್ ಇದೆ, ರ‍್ಯಾಗಿಂಗ್ ಪೋಸ್ಟರ್ ಇದೆ. ಅದರ ಪಕ್ಕ ನಮ್ಮ ಕನ್ನಡ ಸಂಘದವರೇ ಕನ್ನಡದಲ್ಲಿ ಒಂದು ಹಾಳೆ ಅಂಟಿಸಬಹುದು ಅಂತ ನನ್ನ ಆಸೆ. ನೋವಿಲ್ಲದಿದ್ರೂ ಅವತ್ತೇ ತೋರಿಸಬೇಕಾದದ್ದು: ಹೊಸ ಮಿಂಚು, ಒಮ್ಮೆಗೇ ಜಾಸ್ತಿಯಾದ ಚುಕ್ಕೆಗಳು, ಒಂದು ಕಡೆಯಿಂದ ಬರೋ ಪರದೆ, ಇದ್ದಕ್ಕಿದ್ದಂತೆ ಒಂದು ಕಣ್ಣು ಕತ್ತಲಾಗೋದು, ನೆಟ್ಟಗಿರೋ ಗೆರೆ ಸೊಟ್ಟಗೆ ಕಾಣೋದು. ಕೆಮಿಸ್ಟ್ರಿ ಲ್ಯಾಬ್‌ನವರಿಗೆ ಇನ್ನೊಂದು ಸಾಲು, ಕಣ್ಣಿಗೆ ಕೆಮಿಕಲ್ ಬಿದ್ರೆ ಯಾರಿಗೂ ಫೋನ್ ಮಾಡೋಕೆ ಮುಂಚೆ ನಲ್ಲಿ ಕೆಳಗೆ ತಲೆ ಒಡ್ಡಿ ತೊಳೀತಾ ಇರಿ, ಆಸಿಡ್‌ಗಿಂತ ಸುಣ್ಣ, ಕ್ಷಾರ ಇನ್ನೂ ಕೆಟ್ಟದ್ದು. ಇದನ್ನೇ ಅವರವರ ಮನೆಯ ಗ್ರೂಪಿಗೆ ಒಂದ್ಸಲ ಕಳಿಸಿದ್ರೆ ಗುಡ್ ಮಾರ್ನಿಂಗ್ ಹೂವಿನ ಫೋಟೋಗಳ ಮಧ್ಯೆ ಯಾರಾದ್ರೂ ಓದ್ತಾರೆ.

ಹ್ಯಾಕಥಾನ್ ಟೀಮಿನವರಿಗೆ ಅವತ್ತೇ ಇದನ್ನೆಲ್ಲ ಹೇಳಿದೆ. ಕೋಡ್ ಬರೆದ ಅಣ್ಣ ಮೊದಲು ಸ್ವಲ್ಪ ಮುಖ ಸಿಂಡರಿಸಿದ್ರು, ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ "ಹಾಗಾದ್ರೆ ನೋವಿಗೆ ಮುಂಚೆ ಏನು ಕೇಳಲಿ ಹೇಳು" ಅಂದ್ರು. ಅಲ್ಲೇ ನಿಂತು ಎರಡು ಪ್ರಶ್ನೆ ಟೈಪ್ ಮಾಡಿಕೊಟ್ಟೆ, ಕನ್ನಡದಲ್ಲೇ. ನೋವಿನ ಸ್ಕೇಲ್ ಸೊನ್ನೆಯಿಂದ ಶುರು ಮಾಡಿ ಅಂತಲೂ ಹೇಳಿದೆ. ಹೊಸ ವರ್ಷನ್ ಬಂದಿದೆಯಂತೆ, ನಾನಿನ್ನೂ ನೋಡಿಲ್ಲ.

ಅಜ್ಜಿಯ ಬಲಗಣ್ಣು ಚೆನ್ನಾಗಿದೆ. ದಿನಾ ಬೆಳಿಗ್ಗೆ ಎಡಗಣ್ಣು ಮುಚ್ಚಿಕೊಂಡು ಅದರಲ್ಲಿ ಏನಾದ್ರೂ ಓದಿ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದಾರೆ. ಅಡುಗೆಮನೆ ಬಾಗಿಲಿಗೆ ನೇತು ಹಾಕಿರೋ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮುಂದೆ ನಿಂತು ಅವತ್ತಿನ ತಿಥಿ, ರಾಹುಕಾಲ ಓದ್ತಾರೆ. ನಾನು ಭಾನುವಾರ ಹಾಸ್ಟೆಲ್‌ನಿಂದ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳೋ ಮುಂಚೆ ಕ್ಯಾಲೆಂಡರ್ ಓದು ಅಂತೀನಿ. ಮೊನ್ನೆ ಏಕಾದಶಿ ಯಾವತ್ತು ಅಂತ ಹೇಳಿ, "ಸಣ್ಣಕ್ಷರನೂ ಕಾಣ್ತದೆ ಕಣೇ, ಫೋನಿಡು, ಒಲೆ ಮೇಲೆ ಹಾಲಿಟ್ಟಿದೀನಿ" ಅಂದ್ರು.